ರಕ್ತವನ್ನು ಹೊರಗೆ ತೆಗೆದು ಸೋಂಕು ಸೋಸಬಹುದೇ?

'ರಕ್ತ ಕೆಟ್ಟಿದೆ' ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಮೈಮೇಲೆ ಕುರು ಎದ್ದರೆ ರಕ್ತ ಕೆಟ್ಟಿದೆ, ಕಜ್ಜಿಯಾದರೆ ರಕ್ತ ಕೆಟ್ಟಿದೆ, ಹದಿನೆಂಟರ ಹುಡುಗನಿಗೆ ಮೊಡವೆ ಬಂದರೂ ರಕ್ತ ಕೆಟ್ಟಿದೆ. ಇದಕ್ಕೆ ಬೇವಿನ ಕಷಾಯದಿಂದ ಹಿಡಿದು ಅಂಗಡಿಯ ಟಾನಿಕ್‌ವರೆಗೆ ಹಲವು ಮದ್ದುಗಳು. ಕುರು, ಮೊಡವೆಗಳು ಚರ್ಮದ ತೊಂದರೆಗಳು; ಅವಕ್ಕೂ ರಕ್ತದ ಶುದ್ಧಿಗೂ ಸಂಬಂಧವಿಲ್ಲ. ಆದರೆ ರಕ್ತದಲ್ಲಿ ನಿಜವಾಗಿಯೂ ರೋಗಾಣುಗಳು ಸೇರಿಕೊಳ್ಳುವ ಸಂದರ್ಭಗಳಿವೆ. ಅವು ಕಷಾಯಕ್ಕೆ ಬಗ್ಗುವಂಥವಲ್ಲ.

ಈ ಕುರಿತ ಪ್ರಶ್ನೆ ನನ್ನಂಥ ಸಾಮಾನ್ಯ ವೈದ್ಯನ ಮುಂದೆ ಎರಡು ಬಗೆಯಲ್ಲಿ ಬರುತ್ತದೆ. ಎಚ್‌ಐವಿ ಅಥವಾ ಹೆಪಟೈಟಿಸ್ ಸೋಂಕು ಇದೆಯೆಂದು ಆಗಷ್ಟೇ ತಿಳಿದವರು, "ಕಿಡ್ನಿ ರೋಗಿಗಳಿಗೆ ಮಾಡುವಂತೆ ನನ್ನ ರಕ್ತವನ್ನೂ ಯಂತ್ರಕ್ಕೆ ಹಾಕಿ ತೊಳೆಯಲು ಬರುವುದಿಲ್ಲವೇ?" ಎಂದು ಕೇಳುತ್ತಾರೆ. ಇನ್ನೊಂದು ಪ್ರಶ್ನೆ ಫೋನಿನಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತು ಬರುತ್ತದೆ. ತಂದೆಯೋ ತಾಯಿಯೋ ದೊಡ್ಡ ಊರಿನ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿರುತ್ತಾರೆ. ರಕ್ತಕ್ಕೆ ನಂಜೇರಿದೆ, ಒಂದು ವಿಶೇಷ ಫಿಲ್ಟರ್ ಹಾಕಿ ನೋಡಬಹುದು, ಖರ್ಚು ಲಕ್ಷದ ಲೆಕ್ಕದಲ್ಲಿ ಎಂದು ಅಲ್ಲಿ ಹೇಳಿರುತ್ತಾರೆ. ಹಾಕಿಸೋಣವೇ ಬೇಡವೇ? ಹೊಲ ಅಡವಿಡಬೇಕಾದವರ ಪ್ರಶ್ನೆ ಇದು. ನಾನು ನಿಗಾ ಘಟಕದ ತಜ್ಞನಲ್ಲ, ರೋಗಿಯನ್ನು ಅಲ್ಲಿಗೆ ಕಳಿಸುವವನು. ಆದರೆ ಮನೆಯವರು ತಿಳಿದುಕೊಂಡಿರಬೇಕಾದ ಸಂಗತಿಗಳು ಕೆಲವು ಇವೆ. ಗಡಿಬಿಡಿಯಿಲ್ಲದ ದಿನ ಅವನ್ನು ಓದಿಕೊಂಡಿರುವುದು ಒಳ್ಳೆಯದು.

ಜಿಗಣೆಯಿಂದ ಶುರುವಾದ ಕಥೆ

ರಕ್ತವನ್ನು ಹೊರತೆಗೆದು ಶುದ್ಧಮಾಡಿ ಮತ್ತೆ ದೇಹಕ್ಕೆ ಮರಳಿಸುವ ಆಲೋಚನೆಗೆ ನೂರು ವರ್ಷ ದಾಟಿದೆ. 1913ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾನ್ ಜೇಕಬ್ ಏಬಲ್ ಮತ್ತು ಸಂಗಡಿಗರು ನಾಯಿಯ ರಕ್ತವನ್ನು ತೆಳುಪೊರೆಯ ನಳಿಕೆಗಳ ಮೂಲಕ ಹರಿಸಿ, ಅದರಲ್ಲಿದ್ದ ಕೆಲವು ರಾಸಾಯನಿಕಗಳನ್ನು ಹೊರಗಿನ ದ್ರವಕ್ಕೆ ಇಳಿಸಿ ತೋರಿಸಿದರು. ದೇಹದಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದಲ್ಲವೇ? ಅದನ್ನು ತಡೆಯಲು ಅವರು ಬಳಸಿದ್ದು ಜಿಗಣೆಯ ತಲೆಯಿಂದ ತೆಗೆದ ರಸವನ್ನು! ಕಚ್ಚಿದ ಜಾಗದಿಂದ ರಕ್ತ ಸೋರುತ್ತಲೇ ಇರುವಂತೆ ಮಾಡುವ ಜಿಗಣೆಯ ಗುಣ ಗದ್ದೆಗಿಳಿದ ಎಲ್ಲರಿಗೂ ಗೊತ್ತು.

ಮನುಷ್ಯನಿಗೆ ಉಪಯೋಗಕ್ಕೆ ಬರುವ ಯಂತ್ರ ಮಾಡಿದವರು ನೆದರ್ಲೆಂಡ್ಸ್‌ನ ವಿಲ್ಲೆಮ್ ಕೋಲ್ಫ್. 1943ರಲ್ಲಿ, ದೇಶ ಜರ್ಮನಿಯ ವಶದಲ್ಲಿದ್ದ ಕಾಲದಲ್ಲಿ, ಕಾಂಪೆನ್ ಎಂಬ ಊರಿನ ಆಸ್ಪತ್ರೆಯಲ್ಲಿ, ಮಾಂಸದ ಸಾಸೇಜ್ ಸುತ್ತಲು ಬಳಸುವ ಸೆಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಪೀಪಾಯಿಯ ಮೇಲೆ ಸುತ್ತಿ ಅವರು ಅದನ್ನು ತಯಾರಿಸಿದರು. ಮೊದಲ ಎರಡು ವರ್ಷ ಯಂತ್ರಕ್ಕೆ ಹಾಕಿದ ರೋಗಿಗಳಲ್ಲಿ ಬಹುತೇಕರು ಬದುಕಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಉಳಿದುಕೊಂಡರು. ಪಿತ್ತಕೋಶದ ಸೋಂಕಿನ ಜೊತೆಗೆ ಅವರಿಗೆ ಮೂತ್ರ ನಿಂತುಹೋಗಿತ್ತು. ಯಂತ್ರ ಅವರ ಸೋಂಕನ್ನು ತೆಗೆಯಲಿಲ್ಲ. ಮೂತ್ರಪಿಂಡಗಳು ಚೇತರಿಸಿಕೊಳ್ಳುವವರೆಗೆ ಅವುಗಳ ಕೆಲಸವನ್ನು ತಾನು ಮಾಡಿತು. ಈ ವ್ಯತ್ಯಾಸ ಮುಂದೆಯೂ ಬೇಕಾಗುತ್ತದೆ.

ಇಂದಿನ ಡಯಾಲಿಸಿಸ್ ಕೊಳವೆಯೊಳಗೆ ಕೂದಲಿನಂಥ ಟೊಳ್ಳು ಎಳೆಗಳು ಹತ್ತು ಸಾವಿರದಷ್ಟಿರುತ್ತವೆ. ಎಳೆಯ ಒಳಗೆ ರಕ್ತ, ಹೊರಗೆ ಶುದ್ಧ ಲವಣದ್ರವ. ನಡುವಿನ ಗೋಡೆಯಲ್ಲಿರುವ ರಂಧ್ರಗಳು ಎಷ್ಟು ಸಣ್ಣವೆಂದರೆ, ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅಂಥ ಕೆಲವೇ ಪಾಲಿನಷ್ಟು ಅಗಲ. ಯೂರಿಯಾ, ಪೊಟಾಸಿಯಂನಂಥ ಸಣ್ಣ ಕಣಗಳು ಇದರಲ್ಲಿ ನುಸುಳಿ ಹೊರಹೋಗುತ್ತವೆ. ಇದೇ ಅಳತೆಯಲ್ಲಿ ಹೆಪಟೈಟಿಸ್ ಸಿ ವೈರಸ್ಸು ಸುಮಾರು 50 ಪಾಲು, ಎಚ್‌ಐವಿ ನೂರಕ್ಕೂ ಹೆಚ್ಚು, ಬ್ಯಾಕ್ಟೀರಿಯಾ ಸಾವಿರದ ಆಸುಪಾಸು. ಅಂದರೆ ಯಾವ ರೋಗಾಣುವೂ ಈ ಗೋಡೆ ದಾಟಲಾರದು. ರಕ್ತದ ಜೊತೆಗೇ ಒಳಹೋಗಿ ರಕ್ತದ ಜೊತೆಗೇ ವಾಪಸು ಬರುತ್ತದೆ. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡರೂ ಹೆಪಟೈಟಿಸ್ ವೈರಸ್ಸು ರಕ್ತದಲ್ಲೇ ಉಳಿಯುವುದು ಇದರಿಂದಲೇ.

ರಂಧ್ರಗಳನ್ನು ದೊಡ್ಡದು ಮಾಡಿದರಾಯಿತಲ್ಲ ಎನ್ನಬಹುದು. ಮಾಡಿದರೆ ರೋಗಾಣುವಿನ ಜೊತೆ ರಕ್ತದ ಪ್ರೋಟೀನುಗಳು, ಹೆಪ್ಪುಗಟ್ಟಿಸುವ ಅಂಶಗಳು, ರೋಗನಿರೋಧಕ ವಸ್ತುಗಳು ಎಲ್ಲವೂ ಸೋರಿಹೋಗುತ್ತವೆ. ಜರಡಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಅದಕ್ಕೆ ತಿಳಿಯುವುದು ಗಾತ್ರ ಮಾತ್ರ. ಆದುದರಿಂದ ಸೋಂಕಿಗೆ ಹೊಂದುವ ಉಪಕರಣಗಳಲ್ಲಿ ಹೆಚ್ಚಿನವು ಜರಡಿಗಳಲ್ಲ, ಅಂಟುಬಲೆಗಳು. ಬೇಡದ ವಸ್ತುವನ್ನು ಮಾತ್ರ ಹಿಡಿದಿಟ್ಟುಕೊಳ್ಳುವ ಲೇಪವುಳ್ಳ ಮಣಿಗಳನ್ನೋ ನಾರುಗಳನ್ನೋ ಕೊಳವೆಯಲ್ಲಿ ತುಂಬಿ, ಅದರ ಮೂಲಕ ರಕ್ತವನ್ನು ಹರಿಸುತ್ತಾರೆ.

ಬಾವಿಯೋ ಗುಂಡಿಯೋ?

ಆಲೋಚನೆ ಚೆನ್ನಾಗಿದೆ. ಆದರೆ ರಕ್ತನಂಜಿನ ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾಗಳು ಎಷ್ಟಿರುತ್ತವೆ ಗೊತ್ತೇ? ವಯಸ್ಕರಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ಹತ್ತಕ್ಕಿಂತ ಕಡಿಮೆ, ಎಷ್ಟೋ ಸಲ ಒಂದೂ ಇಲ್ಲ. ರಕ್ತದ ಕಲ್ಚರ್ ಪರೀಕ್ಷೆಗೆ ಒಂದೆರಡು ಹನಿ ಸಾಲದೆ ಇಪ್ಪತ್ತು ಮಿಲಿಲೀಟರಿನಷ್ಟು ರಕ್ತ ತೆಗೆಯುವುದು ಈ ಕಾರಣಕ್ಕೆ. (ಅಷ್ಟು ರಕ್ತ ತೆಗೆದರೆಂದು ಜಗಳವಾಡುವವರು ದಯವಿಟ್ಟು ಗಮನಿಸಬೇಕು.) ಐದು ಲೀಟರ್ ರಕ್ತಕ್ಕೆ ಲೆಕ್ಕ ಹಾಕಿದರೂ ಕೆಲವು ಸಾವಿರಗಳಿಂದ ಐವತ್ತು ಸಾವಿರದೊಳಗೆ ನಿಲ್ಲುತ್ತದೆ. ಹೊಟ್ಟೆಯೊಳಗಿನ ಒಂದು ಕೀವಿನ ಗಡ್ಡೆಯಲ್ಲೋ, ಕಟ್ಟಿಕೊಂಡ ಮೂತ್ರನಾಳದ ಮೇಲಿನ ಮೂತ್ರಪಿಂಡದಲ್ಲೋ, ಸಕ್ಕರೆ ಕಾಯಿಲೆಯವರ ಕೊಳೆತ ಪಾದದಲ್ಲೋ ಅವು ಕೋಟಿಗಟ್ಟಲೆ ಇರುತ್ತವೆ.

ಬಾವಿಯ ಪಕ್ಕದಲ್ಲಿ ಕಕ್ಕಸು ಗುಂಡಿ ಒಡೆದು ಸೋರುತ್ತಿದೆ ಎಂದುಕೊಳ್ಳಿ. ಬಾವಿಯ ನೀರನ್ನು ಸೇದಿ, ಸೋಸಿ, ಮತ್ತೆ ಬಾವಿಗೇ ಸುರಿಯುತ್ತ ಕೂತರೆ ಫಲವೇನು? ಗುಂಡಿಯನ್ನು ಮುಚ್ಚಬೇಕು. ಕೀವನ್ನು ಹೊರಹಾಕುವುದು, ಕಲ್ಲು ಸಿಕ್ಕಿದ ಮೂತ್ರನಾಳಕ್ಕೆ ದಾರಿ ಮಾಡುವುದು, ಕೊಳೆತ ಭಾಗವನ್ನು ಕತ್ತರಿಸುವುದು, ಸರಿಯಾದ ಆ್ಯಂಟಿಬಯೋಟಿಕನ್ನು ರಕ್ತನಾಳಕ್ಕೆ ಕೊಡುವುದು ಇವೇ ಗುಂಡಿ ಮುಚ್ಚುವ ಕೆಲಸಗಳು.

ಇನ್ನೊಂದು ವಿಷಯ. ರಕ್ತದೊಳಗೆ ಬಂದ ಬ್ಯಾಕ್ಟೀರಿಯಾಗಳನ್ನು ಹಿಡಿಯಲು ದೇಹದಲ್ಲೇ ಎರಡು ಫಿಲ್ಟರುಗಳಿವೆ: ಯಕೃತ್ತು ಮತ್ತು ಗುಲ್ಮ. ಯಕೃತ್ತಿನ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹಾಯುತ್ತದೆ. ಅಲ್ಲಿ ಕಾದು ಕುಳಿತ ಭಕ್ಷಕ ಕೋಶಗಳು ಹಾದುಹೋಗುವ ರೋಗಾಣುಗಳನ್ನು ಹಿಡಿದು ನುಂಗುತ್ತವೆ. ಯಂತ್ರದ ಮೂಲಕ ಹಾಯುವುದು ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ಅಷ್ಟೇ. ದೇಹದ ಫಿಲ್ಟರಿಗೇ ಮೀರಿ ರೋಗಾಣುಗಳು ಬಂದು ಬೀಳುತ್ತಿವೆಯೆಂದರೆ ಎಲ್ಲೋ ಒಂದು ಗುಂಡಿ ದೊಡ್ಡದಾಗಿಯೇ ಒಡೆದಿದೆ ಎಂದರ್ಥ.

ಈ ಗುಲ್ಮವನ್ನೇ ಅನುಕರಿಸಿದ ಉಪಕರಣವೊಂದನ್ನು ಅಮೆರಿಕದ ವೀಸ್ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ರೋಗಾಣುಗಳಿಗೆ ಅಂಟಿಕೊಳ್ಳುವ ನಮ್ಮದೇ ದೇಹದ ಒಂದು ಪ್ರೋಟೀನನ್ನು ಅತಿಸಣ್ಣ ಕಾಂತೀಯ ಮಣಿಗಳಿಗೆ ಲೇಪಿಸಿ ರಕ್ತಕ್ಕೆ ಬೆರೆಸುವುದು, ಆಮೇಲೆ ಮಣಿಗಳನ್ನು ರೋಗಾಣುಗಳ ಸಮೇತ ಅಯಸ್ಕಾಂತದಿಂದ ಎಳೆದುಕೊಳ್ಳುವುದು. ಇಲಿಗಳಲ್ಲಿ ರಕ್ತದ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೀಗೆ ಹೊರಬಂದವು. ಸೊಗಸಾದ ಕೆಲಸ. ಆದರೆ ಪತ್ರಿಕೆಗಳಲ್ಲಿ ಇಲಿಯ ಸುದ್ದಿ ಬಂದ ಮಾರನೆಯ ದಿನವೇ ಮನುಷ್ಯರು ಆಸೆಪಡುವುದು ನಮ್ಮ ಕಾಲದ ಒಂದು ಕಾಯಿಲೆ.

ವಿಷವನ್ನಾದರೂ ತೆಗೆಯಬಹುದಲ್ಲ?

ರಕ್ತನಂಜಿನಲ್ಲಿ ಕೊಲ್ಲುವುದು ರೋಗಾಣುಗಳಷ್ಟೇ ಅಲ್ಲ. ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಕವಚದಿಂದ ಹೊರಬೀಳುವ ಎಂಡೋಟಾಕ್ಸಿನ್ ಎಂಬ ವಿಷ, ಅದಕ್ಕೆ ಉತ್ತರವಾಗಿ ನಮ್ಮದೇ ಕೋಶಗಳು ಸುರಿಸುವ ಸೈಟೋಕೈನ್ ಎಂಬ ಸಂದೇಶ ರಾಸಾಯನಿಕಗಳು, ಎರಡೂ ಸೇರಿ ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ. ರಕ್ತದೊತ್ತಡ ಕುಸಿಯುತ್ತದೆ, ಅಂಗಾಂಗಗಳು ಒಂದೊಂದಾಗಿ ಕೈಕೊಡುತ್ತವೆ. ಇದನ್ನೇ ಸೆಪ್ಸಿಸ್ ಎನ್ನುವುದು. 2017ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಸಾವುಗಳಿಗೆ ಇದರ ನಂಟಿತ್ತು ಎಂಬುದು ತಜ್ಞರ ಅಂದಾಜು. ಹಾಗಿದ್ದರೆ ರೋಗಾಣು ಬೇಡ, ಈ ವಿಷವನ್ನಾದರೂ ಸೋಸಿ ತೆಗೆಯಬಾರದೇ?

ಜಪಾನಿನವರು ಹಾಗೆಯೇ ಯೋಚಿಸಿದರು. ಪಾಲಿಮಿಕ್ಸಿನ್ ಬಿ ಎಂಬ ಹಳೆಯ ಆ್ಯಂಟಿಬಯೋಟಿಕ್ ಎಂಡೋಟಾಕ್ಸಿನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ಹೆಚ್ಚು ಪ್ರಮಾಣದಲ್ಲಿ ಚುಚ್ಚಿದರೆ ಮೂತ್ರಪಿಂಡಕ್ಕೂ ನರಗಳಿಗೂ ಕೆಡುಕು. ಅದನ್ನು ನಾರುಗಳಿಗೆ ಕಟ್ಟಿಹಾಕಿ ಕೊಳವೆಯಲ್ಲಿ ತುಂಬಿದರೆ? ಔಷಧ ದೇಹದೊಳಗೆ ಹೋಗುವುದಿಲ್ಲ, ವಿಷ ಮಾತ್ರ ಹೊರಗೆ ಸಿಕ್ಕಿಬೀಳುತ್ತದೆ. 1994ರಿಂದ ಜಪಾನಿನಲ್ಲಿ ಇದು ಬಳಕೆಯಲ್ಲಿದೆ.

ಇಟಲಿಯಲ್ಲಿ 64 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಫಿಲ್ಟರ್ ಹಾಕಿದವರಲ್ಲಿ 28 ದಿನಗಳೊಳಗೆ ಸತ್ತವರು ನೂರಕ್ಕೆ 32, ಹಾಕದವರಲ್ಲಿ 53. ವೈದ್ಯ ಜಗತ್ತು ಹಿಗ್ಗಿತು. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಆದರೆ 64 ಸಣ್ಣ ಸಂಖ್ಯೆ. 2015ರಲ್ಲಿ ಫ್ರಾನ್ಸಿನ ದೊಡ್ಡ ಪರೀಕ್ಷೆ ಬಂತು, ಪ್ರಯೋಜನ ಕಾಣಲಿಲ್ಲ. 2018ರಲ್ಲಿ ಅಮೆರಿಕ ಮತ್ತು ಕೆನಡಾದ 450 ರೋಗಿಗಳ ಪರೀಕ್ಷೆ ಬಂತು. ಅದರಲ್ಲಿ ಅರ್ಧದಷ್ಟು ರೋಗಿಗಳಿಗೆ ಚಿಕಿತ್ಸೆಯ ನಟನೆ ಮಾತ್ರ ನಡೆಯಿತು, ಅವರ ರಕ್ತ ಫಿಲ್ಟರಿನೊಳಗೆ ಹೋಗಲೇ ಇಲ್ಲ. ಯಾರಿಗೆ ಯಾವುದೆಂದು ಚಿಕಿತ್ಸೆ ನೀಡುವ ವೈದ್ಯರಿಗೂ ತಿಳಿಯದಂತೆ ಏರ್ಪಾಡು. ಫಲಿತಾಂಶ? ನಿಜವಾದ ಫಿಲ್ಟರಿನವರಲ್ಲಿ ಸಾವು ನೂರಕ್ಕೆ 37.7, ನಟನೆಯವರಲ್ಲಿ 34.5. ಲೆಕ್ಕದ ದೃಷ್ಟಿಯಿಂದ ಎರಡೂ ಒಂದೇ. ಎಂಡೋಟಾಕ್ಸಿನ್ ಒಂದು ನಿರ್ದಿಷ್ಟ ಮಟ್ಟದಲ್ಲಿರುವ ಆಯ್ದ ರೋಗಿಗಳಿಗಾದರೂ ಉಪಯೋಗವಾದೀತೇ ಎಂಬ ಹುಡುಕಾಟ ಆಮೇಲೂ ನಡೆದಿದೆ, ನಡೆಯಲೂಬೇಕು. ಆದರೆ ಸೆಪ್ಸಿಸ್ ಚಿಕಿತ್ಸೆಯ 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಈ ಫಿಲ್ಟರನ್ನು ಬಳಸದಿರುವಂತೆಯೇ ಸಲಹೆ ಕೊಟ್ಟಿತು. ಉಳಿದ ಬಗೆಯ ಫಿಲ್ಟರುಗಳ ಬಗ್ಗೆ ಹೇಳುವಷ್ಟು ಪುರಾವೆಯಿಲ್ಲ ಎಂದಿತು.

ಸೈಟೋಕೈನುಗಳನ್ನು ಹೀರಿಕೊಳ್ಳುವ ಮಣಿಗಳ ಕಥೆ ಇನ್ನೂ ಗಂಭೀರ. ಸೈಟೋಸಾರ್ಬ್ ಎಂಬ ಈ ಕೊಳವೆಗೆ ಯುರೋಪಿನಲ್ಲಿ 2011ರಲ್ಲಿ ಮಾರಾಟದ ಒಪ್ಪಿಗೆ ದೊರಕಿತು. 2020ರ ಕೋವಿಡ್ ಹಾವಳಿಯಲ್ಲಿ 'ಸೈಟೋಕೈನ್ ಬಿರುಗಾಳಿ' ಎಂಬ ಮಾತು ಮನೆಮಾತಾದಾಗ ಅಮೆರಿಕವೂ ತುರ್ತು ಬಳಕೆಗೆ ಅನುಮತಿ ಕೊಟ್ಟಿತು. ಬಿರುಗಾಳಿಯನ್ನು ಫಿಲ್ಟರಿನಲ್ಲಿ ಹಿಡಿದರೆ ರೋಗಿ ಉಳಿಯಬೇಕು, ತರ್ಕ ಸರಿಯಾಗಿಯೇ ಇದೆ. ಜರ್ಮನಿಯ ಫ್ರೈಬರ್ಗ್‌ನ ವೈದ್ಯರು, ಶ್ವಾಸಕೋಶದ ಕೆಲಸವನ್ನು ಯಂತ್ರವೇ ಮಾಡುತ್ತಿದ್ದ 34 ಕೋವಿಡ್ ರೋಗಿಗಳಲ್ಲಿ ಚೀಟಿ ಎತ್ತಿದಂತೆ 17 ಜನರಿಗೆ ಇದನ್ನು ಹಾಕಿದರು, 17 ಜನರಿಗೆ ಹಾಕಲಿಲ್ಲ. ಮೂವತ್ತು ದಿನ ಕಳೆದಾಗ ಹಾಕದವರಲ್ಲಿ 13 ಮಂದಿ ಬದುಕಿದ್ದರು, ಹಾಕಿಸಿಕೊಂಡವರಲ್ಲಿ 3 ಮಂದಿ. ಪರೀಕ್ಷೆ ಚಿಕ್ಕದು, ಅದೊಂದರಿಂದಲೇ ಕೊನೆಯ ತೀರ್ಪು ಬರೆಯಲಾಗದು. ಆದರೂ "ಹಾಕಿ ನೋಡೋಣ, ನಷ್ಟವೇನೂ ಇಲ್ಲವಲ್ಲ" ಎನ್ನುವ ಮಾತು ಎಷ್ಟು ಅಪಾಯದ್ದು ಎಂಬುದಕ್ಕೆ ಇಷ್ಟು ಸಾಕು.

ನಷ್ಟ ಹೇಗಾಗುತ್ತದೆ? ಹೀರುವ ಮಣಿಗೆ ಶತ್ರು ಮಿತ್ರ ಎಂಬ ಭೇದ ಪೂರ್ತಿ ತಿಳಿಯುವುದಿಲ್ಲ. ರೋಗಿಯನ್ನು ಉಳಿಸಬೇಕಾದ ಆ್ಯಂಟಿಬಯೋಟಿಕನ್ನೂ ಅದು ಹೀರಿಕೊಳ್ಳಬಹುದು. ರೋಗದ ವಿರುದ್ಧ ಹೋರಾಡುವ ಉಪಯುಕ್ತ ಸಂದೇಶಗಳನ್ನೂ ನುಂಗಬಹುದು. ರಕ್ತಕಣಗಳು ಕೊಳವೆಯಲ್ಲಿ ಸಿಕ್ಕಿ ಕಡಿಮೆಯಾಗಬಹುದು. ಇದಕ್ಕಾಗಿ ಕತ್ತಿನ ಅಥವಾ ತೊಡೆಯ ದೊಡ್ಡ ರಕ್ತನಾಳಕ್ಕೆ ಹಾಕುವ ದಪ್ಪ ನಳಿಕೆಯೇ ಹೊಸ ಸೋಂಕಿಗೆ ಬಾಗಿಲಾಗಬಹುದು.

ವೈರಸ್ಸುಗಳ ಮಾತು

ಬಲೆಗೆ ವೈರಸ್ ಬಿದ್ದ ನಿಜವಾದ ನಿದರ್ಶನವೂ ಇದೆ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದ್ದಾಗ, ಸಿಯೆರಾ ಲಿಯೋನ್‌ನಲ್ಲಿ ಸೇವೆಯಲ್ಲಿದ್ದ ಉಗಾಂಡಾದ ವೈದ್ಯರೊಬ್ಬರಿಗೆ ಸೋಂಕು ತಗಲಿ, ಅವರನ್ನು ಜರ್ಮನಿಯ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕರೆತರಲಾಯಿತು. ಡಯಾಲಿಸಿಸ್ ಯಂತ್ರಕ್ಕೆ ಜೋಡಿಸುವ ಒಂದು ಹೊಸ ಕೊಳವೆಯ ಮೂಲಕ ಆರೂವರೆ ಗಂಟೆ ಅವರ ರಕ್ತವನ್ನು ಹರಿಸಿದರು. ಯುರೋಪಿನಲ್ಲಿ ಹಿಮ ಕರಗುವ ಹೊತ್ತಿಗೆ ಅರಳುವ ಸ್ನೋಡ್ರಾಪ್ ಎಂಬ ಬಿಳಿ ಹೂವಿನ ಗಿಡದ ಒಂದು ಪ್ರೋಟೀನು ಅದರೊಳಗಿತ್ತು. ವೈರಸ್ಸಿನ ಮೈಮೇಲಿನ ಸಕ್ಕರೆಗೆ ಅದು ಅಂಟಿಕೊಳ್ಳುತ್ತದೆ. ಮಿಲಿಲೀಟರಿಗೆ ಸುಮಾರು 4 ಲಕ್ಷ ಇದ್ದ ವೈರಸ್ ಸಂಖ್ಯೆ ಸಾವಿರಕ್ಕೆ ಇಳಿಯಿತು. ಕೊಳವೆಯನ್ನು ತೊಳೆದು ನೋಡಿದಾಗ ಅದರಲ್ಲಿ ಸಿಕ್ಕಿಬಿದ್ದ ವೈರಸ್ಸುಗಳು 24 ಕೋಟಿ. ರೋಗಿ ಗುಣಮುಖರಾದರು. ಆದರೆ ಅವರಿಗೆ ಬೇರೆ ಚಿಕಿತ್ಸೆಗಳೂ ನಡೆದಿದ್ದವು, ಅವರ ದೇಹವೂ ಹೋರಾಡುತ್ತಿತ್ತು. ಒಬ್ಬ ರೋಗಿಯಿಂದ ಯಾವುದು ಯಾರ ಗೆಲುವು ಎಂದು ಹೇಳಲಾಗುವುದಿಲ್ಲ.

ಇದೇ ಬಗೆಯ ಕೊಳವೆಯನ್ನು ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಹೆಪಟೈಟಿಸ್ ಸಿ ರೋಗಿಗಳಲ್ಲಿ ಪರೀಕ್ಷಿಸಿದ್ದರು. ಆಗಿನ ಚಿಕಿತ್ಸೆ ತಿಂಗಳುಗಟ್ಟಲೆ ಚುಚ್ಚುಮದ್ದು, ಜ್ವರ, ಸುಸ್ತು, ಖಿನ್ನತೆ. ಗುಣವಾಗುವ ಭರವಸೆಯೂ ಅಷ್ಟಕ್ಕಷ್ಟೆ. ಫಿಲ್ಟರ್ ನೆರವಾಗಲಿ ಎಂಬ ಆಸೆ ಸಹಜವಾಗಿತ್ತು. ಅಷ್ಟರಲ್ಲಿ ಗುಳಿಗೆ ಬಂದೇಬಿಟ್ಟಿತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೋಸ್‌ಬುವಿರ್ ಮತ್ತು ಅದರ ಜೊತೆಗಾರ ಔಷಧಗಳಿಂದ ಈಗ ಸಾಮಾನ್ಯವಾಗಿ 12 ವಾರಗಳಲ್ಲಿ ನೂರಕ್ಕೆ 95ರಷ್ಟು ಜನರ ದೇಹದಿಂದ ವೈರಸ್ಸು ಪೂರ್ತಿ ಹೋಗುತ್ತದೆ. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಗುಳಿಗೆಗಳು ಉಚಿತ. ರಕ್ತ ತೊಳೆಸಬೇಕೆಂದು ಕೇಳಿಬರುವ ಹೆಪಟೈಟಿಸ್ ಸಿ ರೋಗಿಗೆ ನಾನು ಕೊಡುವುದು ಜಿಲ್ಲಾ ಆಸ್ಪತ್ರೆಗೆ ಒಂದು ಚೀಟಿ.

ಎಚ್‌ಐವಿ ವಿಷಯದಲ್ಲಿ ಫಿಲ್ಟರ್ ಸೋಲುವುದಕ್ಕೆ ಕಾರಣ ಬೇರೆ. ಚಿಕಿತ್ಸೆಯಿಲ್ಲದ ರೋಗಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ ಎಂದು 1990ರ ದಶಕದಲ್ಲೇ ಲೆಕ್ಕಹಾಕಲಾಗಿದೆ. ಅವು ಹುಟ್ಟುವ ಕೋಶಗಳಲ್ಲಿ ರಕ್ತದಲ್ಲಿ ಓಡಾಡುವವು ನೂರಕ್ಕೆ ಎರಡು ಮೂರರಷ್ಟು. ಉಳಿದವು ದುಗ್ಧಗ್ರಂಥಿಗಳಲ್ಲಿ, ಕರುಳಿನ ಗೋಡೆಯಲ್ಲಿ ಕುಳಿತಿರುತ್ತವೆ. ಅಷ್ಟೇ ಅಲ್ಲ, ವೈರಸ್ಸು ತನ್ನ ಪ್ರತಿಯನ್ನು ಕೋಶದ ವಂಶವಾಹಿಯೊಳಗೇ ಹೊಲಿದುಬಿಟ್ಟಿರುತ್ತದೆ. ಇಂದು ಬೆಳಿಗ್ಗೆ ಇಡೀ ರಕ್ತವನ್ನು ಸೋಸಿದರೂ ನಾಳೆಗೆ ಮತ್ತೆ ತುಂಬಿಕೊಳ್ಳುತ್ತದೆ. 2004ರ ಏಪ್ರಿಲ್‌ನಿಂದ ನಮ್ಮ ಸರ್ಕಾರ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ ಗುಳಿಗೆಗಳು ಹೊಸ ವೈರಸ್ಸಿನ ಉತ್ಪಾದನೆಯನ್ನೇ ನಿಲ್ಲಿಸುತ್ತವೆ. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದಿರುವಷ್ಟು ಕಾಲ ಅವರಿಂದ ಲೈಂಗಿಕ ಸಂಗಾತಿಗೆ ಸೋಂಕು ಹರಡುವುದಿಲ್ಲ.

ಈ ಗುಳಿಗೆಗಳಿಲ್ಲದ ದಿನಗಳಲ್ಲಿ ಜನ ಏನೆಲ್ಲ ಮಾಡಿದರು! 1990ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಏಡ್ಸ್ ರೋಗಿಗಳ ರಕ್ತವನ್ನು ಹೊರತೆಗೆದು, ಬಿಸಿಮಾಡಿ, ಮರಳಿಸುವ ಪ್ರಯೋಗ ದೊಡ್ಡ ಸುದ್ದಿಯಾಗಿತ್ತು. ಸರ್ಕಾರಿ ತಜ್ಞರು ಪರಿಶೀಲಿಸಿ, ಗುಣವಾಯಿತೆಂಬುದಕ್ಕೆ ಆಧಾರವಿಲ್ಲ ಎಂದರು. ಅದಕ್ಕೂ ಬಹಳ ಹಿಂದೆ, 1920ರ ದಶಕದ ಕೊನೆಯಲ್ಲಿ, ಸಿಯಾಟಲ್‌ನ ಎಮೆಟ್ ನಾಟ್ ಎಂಬಾತ ರಕ್ತಕ್ಕೆ ಅತಿನೇರಳೆ ಬೆಳಕು ಹಾಯಿಸಿ ಮರಳಿಸುವ ಯಂತ್ರ ಮಾಡಿದ್ದ. ಹತ್ತಾರು ವರ್ಷ ಅಮೆರಿಕದ ಆಸ್ಪತ್ರೆಗಳಲ್ಲಿ ಅದು ನಡೆಯಿತು. ಪೆನಿಸಿಲಿನ್ ಬಂದ ಮೇಲೆ ಮೂಲೆ ಸೇರಿತು. ಇಂಥ ಬೆಳಕಿನ, ಓಝೋನಿನ ಚಿಕಿತ್ಸೆಗಳು ಈಗ 'ರಕ್ತಶುದ್ಧಿ' ಎಂಬ ಹೆಸರಿನಲ್ಲಿ ಮತ್ತೆ ಕಾಣಿಸುತ್ತಿವೆ. ರಕ್ತಕ್ಕೆ ಬೆಳಕು ಹಾಯಿಸುವ ಒಂದು ಚಿಕಿತ್ಸೆ ನಿಜವಾಗಿಯೂ ಇದೆ, ಆದರೆ ಅದು ಚರ್ಮದ ಒಂದು ಬಗೆಯ ಕ್ಯಾನ್ಸರಿನಂಥ ಕೆಲವೇ ಕಾಯಿಲೆಗಳಿಗೆ, ಸೋಂಕಿಗಲ್ಲ.

ಮಲೇರಿಯಾ ಕಲಿಸಿದ್ದು

ರೋಗಾಣು ನಿಜವಾಗಿಯೂ ರಕ್ತದಲ್ಲೇ ತುಂಬಿರುವ ಕಾಯಿಲೆ ಎಂದರೆ ಮಲೇರಿಯಾ. ಫಾಲ್ಸಿಪೇರಮ್ ಜಾತಿಯ ತೀವ್ರ ಮಲೇರಿಯಾದಲ್ಲಿ ಹತ್ತು ಕೆಂಪುಕಣಗಳಲ್ಲಿ ಒಂದರೊಳಗೆ ಪರೋಪಜೀವಿ ಇರಬಹುದು. ಇಲ್ಲಾದರೂ ರಕ್ತವನ್ನೇ ಬದಲಿಸಿದರೆ ಗೆಲ್ಲಬೇಕಲ್ಲವೇ? ರೋಗಿಯ ರಕ್ತವನ್ನು ಸ್ವಲ್ಪಸ್ವಲ್ಪ ತೆಗೆದು ದಾನಿಯ ರಕ್ತ ತುಂಬುವ ಪದ್ಧತಿ ಹಲವು ವರ್ಷ ನಡೆಯಿತು. ಅಂಕಿಅಂಶ ಕಲೆಹಾಕಿ ನೋಡಿದಾಗ ಅದರಿಂದ ಹೆಚ್ಚು ಜನ ಬದುಕಿದ್ದು ಕಾಣಲಿಲ್ಲ. 2013ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ಶಿಫಾರಸನ್ನು ಕೈಬಿಟ್ಟಿತು. ಕಣಗಳಲ್ಲಿ ದೊಡ್ಡ ಪಾಲು ಮಿದುಳು ಮೊದಲಾದ ಅಂಗಗಳ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುತ್ತವೆ. ಅವು ಹೊರಗೆ ಬರುವುದೇ ಇಲ್ಲ. ಜೀವ ಉಳಿಸಿದ್ದು ಆರ್ಟಿಸುನೇಟ್ ಚುಚ್ಚುಮದ್ದು. ಭಾರತವೂ ಸೇರಿ ನಾಲ್ಕು ದೇಶಗಳ 1461 ರೋಗಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ಸತ್ತರೆ ಆರ್ಟಿಸುನೇಟ್ ಪಡೆದವರಲ್ಲಿ 15.

ಯಂತ್ರ ಬೇಕಾಗುವುದು ಎಲ್ಲಿ?

ಇಷ್ಟೆಲ್ಲ ಓದಿ ಯಂತ್ರವೇ ಬೇಡ ಎಂದುಕೊಂಡರೆ ಅದೂ ಅಪಾಯ. ನಮ್ಮ ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದ ಇಲಿಜ್ವರವನ್ನೇ ತೆಗೆದುಕೊಳ್ಳಿ. ಇಲಿಯ ಮೂತ್ರ ಬೆರೆತ ಗದ್ದೆನೀರಿನಿಂದ, ಕಾಲಿನ ಬಿರುಕಿನ ಮೂಲಕ ರೋಗಾಣು ಒಳಹೋಗುತ್ತದೆ. ಜ್ವರ, ಮೀನಖಂಡದ ಅಸಾಧ್ಯ ನೋವು, ಕೆಂಪು ಕಣ್ಣು. ಕೆಲವರಿಗೆ ಕಾಮಾಲೆಯಾಗಿ ಮೂತ್ರ ನಿಂತುಹೋಗುತ್ತದೆ. ಆಗ ಡಯಾಲಿಸಿಸ್ ಮಾಡಿಸದಿದ್ದರೆ ಸಾವು ಖಂಡಿತ ಎನ್ನುವ ಸ್ಥಿತಿ ಬರಬಹುದು. ರೋಗಾಣುವನ್ನು ಪೆನಿಸಿಲಿನ್ನಿನಂಥ ಔಷಧ ಕೊಲ್ಲುತ್ತದೆ. ಯಂತ್ರ ಕೆಲವು ದಿನ ಅಥವಾ ವಾರ ಮೂತ್ರಪಿಂಡದ ಪಾತ್ರ ವಹಿಸುತ್ತದೆ. ಉಳಿದವರಲ್ಲಿ ಹೆಚ್ಚಿನವರ ಮೂತ್ರಪಿಂಡ ಮತ್ತೆ ಕೆಲಸ ಶುರುಮಾಡುತ್ತದೆ. "ಒಮ್ಮೆ ಡಯಾಲಿಸಿಸ್‌ಗೆ ಹಾಕಿದರೆ ಜೀವನಪೂರ್ತಿ ಬಿಡಿಸಲಾಗದು" ಎಂಬ ಹೆದರಿಕೆಯಿಂದ ಮನೆಯವರು ಸಹಿ ಹಾಕಲು ಹಿಂದೇಟು ಹೊಡೆಯುವುದುಂಟು. ಸೋಂಕಿನಿಂದ ದಿಢೀರನೆ ಮೂತ್ರಪಿಂಡ ಕೆಟ್ಟವರ ವಿಷಯದಲ್ಲಿ ಇದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ.

ಇನ್ನು, ದೇಹದ ಹೊರಗೆ ರಕ್ತದ ಸೋಂಕನ್ನು ನಿಜವಾಗಿಯೂ ಗೆದ್ದ ಜಾಗವೊಂದಿದೆ. ಅದು ರಕ್ತನಿಧಿ. 1980ರ ದಶಕದಲ್ಲಿ ಹಿಮೋಫೀಲಿಯಾ ರೋಗಿಗಳಿಗೆ ಕೊಡುತ್ತಿದ್ದ, ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಔಷಧದ ಮೂಲಕ ಸಾವಿರಾರು ಜನರಿಗೆ ಎಚ್‌ಐವಿ ತಗಲಿತು. ಆ ಔಷಧವನ್ನು ಕಾಯಿಸುವ, ಮಾರ್ಜಕ ಮತ್ತು ದ್ರಾವಕದಿಂದ ಸಂಸ್ಕರಿಸುವ ವಿಧಾನಗಳು ಬಂದ ಮೇಲೆ ಆ ದಾರಿ ಮುಚ್ಚಿತು. ಬಾಟಲಿಯಲ್ಲಿರುವ ಪ್ಲಾಸ್ಮಾಕ್ಕೆ ಯಾವುದೇ ಅಂಗಾಂಗಗಳಿಲ್ಲ, ಹೊಸ ವೈರಸ್ಸು ಹುಟ್ಟಿಸುವ ಕೋಶಗಳಿಲ್ಲ. ಒರತೆಯಿಲ್ಲದ ನೀರು ಅದು. ಒಮ್ಮೆ ಶುದ್ಧಮಾಡಿದರೆ ಶುದ್ಧವೇ.

ಮನೆಯವರು ಕೇಳಬೇಕಾದದ್ದು

ನಿಗಾ ಘಟಕದಲ್ಲಿ ಫಿಲ್ಟರಿನ ಮಾತು ಬಂದಾಗ ಸಂಕೋಚಪಡದೆ ವೈದ್ಯರನ್ನು ಕೇಳಿ: ಇದು ಮೂತ್ರಪಿಂಡ ನಿಂತಿದ್ದಕ್ಕಾಗಿಯೋ, ನಂಜು ತೆಗೆಯಲೆಂದೋ? ಮೊದಲನೆಯದಾದರೆ ತಡಮಾಡಬೇಡಿ. ಎರಡನೆಯದಾದರೆ, ಸೋಂಕಿನ ಮೂಲ ಸಿಕ್ಕಿದೆಯೇ, ಕೀವಿದ್ದರೆ ತೆಗೆದಾಗಿದೆಯೇ, ಕಲ್ಚರ್ ವರದಿ ಏನು ಹೇಳಿದೆ, ಫಿಲ್ಟರ್ ಹಾಕಿದಾಗ ಔಷಧದ ಪ್ರಮಾಣ ಸರಿಪಡಿಸುತ್ತೀರಾ, ಉಪಯೋಗವಾಯಿತೆಂದು ಯಾವುದರಿಂದ ತಿಳಿಯುತ್ತೀರಿ ಎಂದು ವಿಚಾರಿಸಿ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ಆಯ್ದ ರೋಗಿಯೊಬ್ಬನಿಗೆ ಅನುಭವಿ ತಜ್ಞರು ವಿವೇಚಿಸಿ ಬಳಸುವುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದನ್ನು ಹಾಕಿಸಲಾಗದ ಮಗ, 'ದುಡ್ಡಿಲ್ಲದೆ ಅಪ್ಪನನ್ನು ಕಳೆದುಕೊಂಡೆ' ಎಂದು ಜೀವಮಾನವಿಡೀ ಕೊರಗಬೇಕಾಗಿಲ್ಲ. ಇದುವರೆಗಿನ ಪುರಾವೆ ಹಾಗೆ ಹೇಳುವುದಿಲ್ಲ.

ದುಡ್ಡಿಗಿಂತ ಮುಖ್ಯವಾದದ್ದು ಗಂಟೆಗಳು. ರಕ್ತದೊತ್ತಡ ಕುಸಿದ ಸೆಪ್ಸಿಸ್ ರೋಗಿಗಳನ್ನು ಕುರಿತ 2006ರ ಒಂದು ಅಧ್ಯಯನದಲ್ಲಿ, ಸರಿಯಾದ ಆ್ಯಂಟಿಬಯೋಟಿಕ್ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಸರಾಸರಿ ನೂರಕ್ಕೆ 7.6ರಷ್ಟು ಇಳಿದಿತ್ತು. ಜ್ವರದ ಜೊತೆ ಮೈ ನಡುಗುವ ಚಳಿ, ನಿಮಿಷಕ್ಕೆ 22ಕ್ಕಿಂತ ಹೆಚ್ಚು ಉಸಿರು, ಮಾತು ತೊದಲುವುದು ಅಥವಾ ಮಂಪರು, ಅರ್ಧ ದಿನವಾದರೂ ಮೂತ್ರವಿಲ್ಲದಿರುವುದು, ತಣ್ಣಗಾದ ಕೈಕಾಲು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರೀ ಮಂಕುತನ ಬರಬಹುದು. ಸಕ್ಕರೆ ಕಾಯಿಲೆಯವರು, ಹೆರಿಗೆಯಾದ ಬಾಣಂತಿಯರು, ಗುಲ್ಮವನ್ನು ತೆಗೆಸಿಕೊಂಡವರು ಇನ್ನೂ ಬೇಗ ಆಸ್ಪತ್ರೆ ಸೇರಬೇಕು.

ಕೊನೆಗೆ, ಕಾಯಂ ಡಯಾಲಿಸಿಸ್‌ನಲ್ಲಿರುವವರಿಗೆ ಒಂದು ಮಾತು. ರಕ್ತ ಶುದ್ಧಮಾಡುವ ಈ ಯಂತ್ರದ ದಾರಿಯೇ ರಕ್ತಕ್ಕೆ ಸೋಂಕು ತರಬಲ್ಲದು. ಕತ್ತಿನ ನಳಿಕೆಗಿಂತ ಕೈಯ ಫಿಸ್ಟುಲಾದಲ್ಲಿ ಸೋಂಕಿನ ಸಾಧ್ಯತೆ ಕಡಿಮೆ. ಅದನ್ನು ಮಾಡಿಸಿಕೊಳ್ಳಲು ಮುಂದೂಡಬೇಡಿ. ಹೆಪಟೈಟಿಸ್ ಬಿ ಲಸಿಕೆಯನ್ನು ನಿಮಗೆ ಸಾಮಾನ್ಯವಾಗಿ ಇಮ್ಮಡಿ ಪ್ರಮಾಣದಲ್ಲಿ, ನಾಲ್ಕು ಸಲ ಕೊಡುತ್ತಾರೆ, ಹಾಕಿಸಿಕೊಂಡಿದ್ದೀರಾ ನೋಡಿಕೊಳ್ಳಿ. ನಳಿಕೆ ಇರುವವರು ಸ್ನಾನದಲ್ಲಿ ಅದನ್ನು ನೆನೆಸಬಾರದು. ಡಯಾಲಿಸಿಸ್ ನಡೆಯುವಾಗಲೋ ಮುಗಿಸಿ ಮನೆಗೆ ಬಂದ ಮೇಲೋ ಚಳಿ ನಡುಕ ಬಂದರೆ ಜ್ವರದ ಮಾತ್ರೆ ನುಂಗಿ ಮಲಗದೆ, ಮುಂದಿನ ಸರದಿಗೂ ಕಾಯದೆ, ಅದೇ ದಿನ ನಿಮ್ಮ ಘಟಕಕ್ಕೆ ತಿಳಿಸಿ.